ಹಗ್ಗ ಬಿಡದ ಚಾಂಪಿಯನ್

ತೊಂಬತ್ತರ ದಶಕದಲ್ಲಿ ನಾನು ಪಾಂಡವಪುರದ ಕಡೆಯ ಹಿನ್ನೀರಿನಲ್ಲಿ ಮೋಟಾರು ದೋಣಿ ಓಡಿಸುತ್ತಿದ್ದೆ. ದೋಣಿಗೆ ಕಟ್ಟಿದ ಹಗ್ಗ ಹಿಡಿದು, ಒಂದೇ ಹಲಗೆಯ ಮೇಲೆ ನಿಂತು ಹಿಂದೆ ಜಾರಿ ಬರುತ್ತಿದ್ದವಳು ವಾಟರ್ ಸ್ಕೀಯಿಂಗ್‌ನಲ್ಲಿ ದೇಶದ ಚಾಂಪಿಯನ್. ತೇಲುವ ಆರು ಚೆಂಡುಗಳನ್ನು ಅತ್ತಿತ್ತ ಬಳಸಿ ಬರಬೇಕು. ಗೆದ್ದಷ್ಟೂ ಹಗ್ಗ ಗಿಡ್ಡ ಮಾಡುತ್ತಾರೆ. ಎಲ್ಲಕ್ಕಿಂತ ಗಿಡ್ಡ ಹಗ್ಗದಲ್ಲಿ ಆರನೆಯ ಚೆಂಡು ಅವಳಿಗೆ ಎಂದೂ ದಕ್ಕಿರಲಿಲ್ಲ.

ಅವತ್ತು ನಾಲ್ಕು ದಾಟಿದಳು, ಐದೂ ದಾಟಿದಳು! ಅಷ್ಟರಲ್ಲಿ ತೆಪ್ಪದಲ್ಲಿದ್ದ ಮೀನುಗಾರನೊಬ್ಬ ಬಾಯಿ ಬಡಿದುಕೊಂಡ: “ಎಳ್ಕೊಂಡೋಯ್ತಾವ್ನೆ, ಹಗ್ಗ ಬುಡವ್ವಾ!”

ಆರನ್ನೂ ದಾಟಿಬಿಟ್ಟಳು! ನಾನು ನಿಂತಲ್ಲೇ ಕುಣಿದೆ. ಅವಳು ನಗುತ್ತಾ ಹಗ್ಗ ಬಿಟ್ಟು ನೀರಿಗೆ ಬಿದ್ದಳು. ಮೀನುಗಾರ ಅವಳನ್ನು ತೆಪ್ಪಕ್ಕೆ ಎಳೆದುಕೊಂಡ. “ಆಗ್ಲೇ ಬುಟ್ಟಿದ್ರೆ ಇಷ್ಟು ಒದ್ದಾಡೋದು ತಪ್ತಿತ್ತಲ್ಲವ್ವ!”

“ಏನ್ಮಾಡ್ಲಣ್ಣ, ಹತ್ತು ವರ್ಷದಿಂದ ಬಿಡಕ್ಕಾಗ್ತಿಲ್ಲ.”

ಆಗ ಅವನು ನನ್ನನ್ನು ನೋಡಿದ ನೋಟವಿದೆಯಲ್ಲ, ಹೆಣ್ಣು ಕೊಟ್ಟ ಮಾವನೂ ಹಾಗೆ ನೋಡಿಲ್ಲ.