ಸುಟ್ಟ ತುದಿ

ಅಥವಾ ಆ ಸುಟ್ಟ ವಾಸನೆ ಆಸ್ಪತ್ರೆಯದಲ್ಲ, ನಮ್ಮ ಮನೆಯದೇ ಇರಬೇಕು. ನೆನಪು ಎರಡನ್ನೂ ಒಂದೇ ಕೋಣೆಗೆ ತಂದು ಹಾಕಿದೆ, ಅದನ್ನು ನಾನು ನಂಬುವುದಿಲ್ಲ. ಅನುಮಾನವಿಲ್ಲದ್ದು ಇಷ್ಟು: ಕಣ್ಣಿನ ಪೊರೆ ತೆಗೆದು ಕೂರಿಸಿದ್ದ ಅವ್ವನ ಕೃತಕ ಮಸೂರ ವರ್ಷಗಳ ಮೇಲೆ ಕಣ್ಣೊಳಗೇ ಜಾರಿತ್ತು. ಒಂದು ಕಣ್ಣಿಗೆ ಎಲ್ಲವೂ ಕಲಸಿದಂತೆ ಕಾಣುತ್ತಿತ್ತು. ಜಮಖಂಡಿಯ ಡಾಕ್ಟರು ಎರಡು ದಾರಿ ಹೇಳಿದರು. ಒಂದು, ಮಸೂರವನ್ನು ಕಣ್ಣಿನ ಬಿಳಿಗುಡ್ಡೆಗೆ ದಾರದಿಂದ ಹೊಲಿಯುವುದು. ದಾರ ಮುಂದೆಂದಾದರೂ ಹರಿಯಬಹುದು. ಇನ್ನೊಂದರಲ್ಲಿ ಹೊಲಿಗೆಯಿಲ್ಲ: ಮಸೂರದ ಎರಡೂ ಬದಿಗಿರುವ ಪ್ಲಾಸ್ಟಿಕ್ಕಿನ ತೆಳುಕಾಲುಗಳನ್ನು ಬಿಳಿಗುಡ್ಡೆಯ ಮೂಲಕ ಹೊರಗೆಳೆದು, ತುದಿಗೆ ಕಾವು ಕೊಟ್ಟು ಗುಂಡು ಮಾಡಿ, ಅಲ್ಲೇ ಹುದುಗಿಸುವುದು. ಗುಂಡು ಎಂದಾದರೂ ಮೇಲೆದ್ದು ಚುಚ್ಚಬಹುದು.

"ಮನ್ಯಾಗ ಮಾತಾಡ್ಕೊಂಡ ಹೇಳ್ರಿ," ಎಂದರು.

ಬನಹಟ್ಟಿಯ ಮನೆಯಲ್ಲಿ ಮಾತಾಡಿದವರು ಅಪ್ಪ ಮತ್ತು ಕಾಕಾ. ನಡುವೆ ಮಂಡಕ್ಕಿ ಗಿರಮಿಟ್ಟಿನ ತಾಟು, ಗೋಡೆಯಾಚೆ ಮಗ್ಗದ ಸದ್ದು. ಕಾಕಾ ಮೊಬೈಲಿನಲ್ಲಿ ಯಾರದೋ ಆಪರೇಷನ್ನಿನ ವಿಡಿಯೋ ಹಚ್ಚಿ, ಸೂಜಿ ಒಳಗಿಳಿಯುವಲ್ಲಿ ನಿಲ್ಲಿಸಿ, ಎಣ್ಣೆಬೆರಳುಗಳಿಂದ ಚಿತ್ರ ಹಿಗ್ಗಿಸಿದ. ಆ ಕಣ್ಣಿನ ಮೇಲೆ ಅರಿಶಿನದ ಬೆರಳಚ್ಚು ಉಳಿಯಿತು.

"ದಾರದ್ದ ಮಾಡಸೂಣು ಅಣ್ಣಾ," ಎಂದ ಕಾಕಾ. "ನೇಕಾರ ಮಂದಿ ನಾವ. ನಾವ ದಾರ ನಂಬಲಿಲ್ಲಂದ್ರ ಹೆಂಗ?"

"ನೇಕಾರ ಅದೀನಿ, ಅದಕ್ಕ ನಂಬೂದಿಲ್ಲ. ದಿನಾ ಎಷ್ಟ ಎಳಿ ಹರೀತಾವ, ನೋಡಿಲ್ಲೇನ?" ಅಪ್ಪ ನೈಲಾನ್ ಹಗ್ಗದ ತುಂಡೊಂದನ್ನು ಹುಡುಕಿ ತಂದು ತುದಿಗೆ ಕಡ್ಡಿ ಗೀರಿದ. ಅದು ಕರಗಿ, ಜೊಲ್ಲಿನಂತೆ ಇಳಿಬಿದ್ದು, ಕರಿಗುಂಡಾಯಿತು. "ಈಗ ತೂತಿನ್ಯಾಗ ಹಾಕಿ ಜಗ್ಗಲೇ. ಬರತೈತೇನ ನೋಡು."

ಗೋಡೆ ಹಿಡಿದುಕೊಂಡು ಅವ್ವ ಬಾಗಿಲಿಗೆ ಬಂದಳು. "ಏನ ಸುಡಾಕತ್ತೀರಿ?"

"ನಿಮ್ಮ ಕಣ್ಣರೀ ವೈನಿ," ಎಂದ ಕಾಕಾ.

ಇಬ್ಬರೂ ಬಾಯಲ್ಲಿ ಮಂಡಕ್ಕಿ ಇಟ್ಟುಕೊಂಡೇ ನಕ್ಕರು. ಅವ್ವನೂ ನಕ್ಕಳೆಂದು ನನ್ನ ನೆನಪು ಹೇಳುತ್ತದೆ. ಆ ದೃಶ್ಯ ಸಹ್ಯವಾಗಲೆಂದು ಆ ನಗೆಯನ್ನು ನೆನಪೇ ಅಂಟಿಸಿರಬಹುದು; ಹಾಗಿದ್ದರೆ ಹಗ್ಗದ ವಾಸನೆಗಿಂತ ಅದೇ ಹೆಚ್ಚು ಹೇಸಿಗೆ.

ಸುಟ್ಟ ತುದಿಯದೇ ಆಯಿತು. ಮಸೂರ ನಿಂತಿದೆ, ಅವ್ವ ಅಕ್ಕಿಯಲ್ಲಿನ ಹಳ್ಳು ಆರಿಸುತ್ತಾಳೆ. ಮನೆಗೆ ಬಂದವರಿಗೆಲ್ಲ ಅಪ್ಪ ಹಗ್ಗ ಸುಟ್ಟು ತೋರಿಸುತ್ತಾನೆ, ನಾನು ಎದ್ದು ಹೊರಗೆ ಹೋಗುತ್ತೇನೆ.

ಡಾಕ್ಟರು ಎರಡೂ ದಾರಿಗಳನ್ನು ಬಿಡಿಸಿ ಹೇಳಿದಾಗ ಅವ್ವ ಅಲ್ಲೇ ಕೂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಈಗ ಕೇಳಿದರೆ "ಆತಲ್ಲ, ಬಿಡು" ಎನ್ನುತ್ತಾಳೆ. ಅವಳಿಗೆ ಯಾವುದು ಬೇಕಿತ್ತೋ ನನಗೆ ಗೊತ್ತಿಲ್ಲ.