ಡಾಕ್ಟರ್ ಎಲ್ಲಿ ನಿಲ್ಲಬೇಕು

ಬಾಂದ್ರಾದ ಗೇಮ್ ಕೆಫೆಯೊಂದರಲ್ಲಿ ಪುಟ್ಟ ಗೊಂಬೆ ಸೈನಿಕರನ್ನು ಮೇಜಿನ ಮೇಲೆ ನಡೆಸಿ, ದಾಳ ಉರುಳಿಸಿ ಯುದ್ಧ ಆಡುತ್ತಾರೆ. ಎರಡು ಆಟಗಳಲ್ಲಿ ಒಂದನ್ನಾದರೂ ಗೆದ್ದರೆ ಮಾತ್ರ ಹೊಸಬರಿಗೆ ಅಲ್ಲಿನ ತಂಡದಲ್ಲಿ ಜಾಗ. ಹೊಸಬನಾದ ನನ್ನ ಜೊತೆ ಆಡಲು ಎದುರು ಕುಳಿತವರು ಪರೇಲ್‌ನಲ್ಲಿ ಕೆಲಸ ಮಾಡುವ ವಿಜಯಪುರ ಕಡೆಯ, ಆ ತಂಡದ ಒಬ್ಬ ಅಕ್ಕ.

ನನ್ನ ಪಡೆಯಲ್ಲಿ ಒಬ್ಬ ಡಾಕ್ಟರ್ ಇದ್ದ. ಗಾಯಗೊಂಡವರನ್ನು ಎಬ್ಬಿಸುತ್ತಾನೆ, ಆದರೆ ತಾನು ಒಂದೇ ಏಟಿಗೆ ಸಾಯುತ್ತಾನೆ. ಶತ್ರುವಿನಿಂದ ದೂರವಿದ್ದಷ್ಟೂ ಕ್ಷೇಮ ಎಂದು ಲೆಕ್ಕ ಹಾಕಿ ಅವನನ್ನು ಹಿಂದಿನ ಮೂಲೆಯಲ್ಲಿ ನಿಲ್ಲಿಸಿದೆ. ಅಕ್ಕನ ಕುದುರೆ ಸವಾರರು ಪಕ್ಕದಿಂದ ಸುತ್ತಿ ಬಂದು ಮೊದಲು ಅವನನ್ನೇ ಮುಗಿಸಿದರು. ಆ ಆಟ ಹೋಯಿತು.

“ಯಾಕ ತಮ್ಮಾ, ಡಾಕ್ಟರಪ್ಪ ಏನರ ತಪ್ಪು ಮಾಡಿದ್ನೇನು? ಮೂಲ್ಯಾಗ ನಿಂದ್ರಿಸಿದ್ದಿ.”

“ಅಲ್ಲಿ ಯಾರೂ ಬರಲ್ಲ ಅಂದ್ಕೊಂಡೆ ಅಕ್ಕಾ.”

“ಲೋಕಲ್ ರೈಲಿನ್ಯಾಗ, ಲೇಡೀಸ್ ಡಬ್ಬಾದಾಗ, ಬಸುರಿ ಹೆಂಗಸು ಹತ್ತಿದ್ರ ನಾವು ಆಕಿನ್ನ ನಡುವ ನಿಂದ್ರಿಸಿ ಸುತ್ತ ನಿಂದ್ರತೀವಿ. ಯಾವ ಕಡಿಂದ ನೂಕಿದ್ರೂ ಮೊದಲ ನಮಗ ಬಡೀತದ.”

ಎರಡನೆಯ ಆಟದಲ್ಲಿ ಹಾಗೇ ಮಾಡಿದೆ. ಡಾಕ್ಟರ್ ನಡುವೆ, ಈಟಿ ಹಿಡಿದವರು ಸುತ್ತ. ಅಕ್ಕನ ಸವಾರರು ನುಗ್ಗಿದಾಗಲೆಲ್ಲ ಈಟಿಗೇ ಸಿಕ್ಕರು. ಬಿದ್ದ ನಮ್ಮವರನ್ನು ಡಾಕ್ಟರ್ ಅಲ್ಲಿಂದಲೇ ಎಬ್ಬಿಸುತ್ತಿದ್ದ. ಮೂಲೆಯಲ್ಲಿದ್ದಿದ್ದರೆ ಅವನ ಕೈ ಯಾರಿಗೂ ಎಟುಕುತ್ತಿರಲಿಲ್ಲ ಎಂಬುದು ಆಗಷ್ಟೇ ಹೊಳೆಯಿತು. ಗೆದ್ದೆ.

ಅಕ್ಕ ತಮ್ಮ ಸವಾರರನ್ನು ಪೆಟ್ಟಿಗೆಗೆ ತುಂಬುತ್ತ, “ಬರೋ ಭಾನುವಾರ ತಂಡದ ಜೋಡಿ ಆಡಾಕ ಬಾ,” ಎಂದರು. “ಹೊಸಬರಿಗೆ ಬುದ್ಧಿ ಹೇಳೋದು ಮಾತ್ರ ಇನ್ಮುಂದ ಎರಡೂ ಆಟ ಮುಗಿದ ಮ್ಯಾಲೆ.”