ಗಾದ್ರಮ್ಮನ ಬಾಯಿ, ನಲವತ್ತೊಂದು ಸಹಿ

ಗಾದ್ರಮ್ಮ ಇಲ್ಲದಿದ್ದರೆ ಆ ಊರಿನಲ್ಲಿ ಮದುವೆ ಕಳೆಗಟ್ಟುತ್ತಿರಲಿಲ್ಲ. ತಾಳಿ ಕಟ್ಟಿಸುವ ಅಯ್ಯನೋರು ತಡವಾಗಿ ಬಂದರೂ ಹೇಗೋ ನಡೆಯುತ್ತಿತ್ತು, ಬೀಗರ ಊಟದ ಹೊತ್ತಿಗೆ ಗಾದ್ರಮ್ಮ ಕಾಣದಿದ್ದರೆ ಮಾತ್ರ ಗಂಡಸರೇ ಎದ್ದು ಹುಡುಕುತ್ತಿದ್ದರು. ಬೀಗರು ಎಲೆಯ ಮುಂದೆ ಕೂತು ಮೊದಲ ತುತ್ತು ಎತ್ತುವಷ್ಟರಲ್ಲಿ ಅವಳ ಹಾಡು ಶುರು. ಬೀಗನ ಮೀಸೆಯಿಂದ ಹಿಡಿದು ಪಂಚೆಯೊಳಗಿನ ತನಕ ಅವಳು ಏನನ್ನೂ ಬಿಡುತ್ತಿರಲಿಲ್ಲ. ಹಿಂದೆ ನಿಂತ ಹೆಂಗಸರು ಸೋಬಾನೆ ಎಂದು ಸೊಲ್ಲು ಹಿಡಿಯುತ್ತಿದ್ದರು. ಹೀಗೆ ಮಾನ ಕಳೆದುಕೊಂಡ ಬೀಗ ಪಾಯಸ ನೆತ್ತಿಗೆ ಹತ್ತುವಂತೆ ನಕ್ಕು, ಹೋಗುವಾಗ ಅವಳ ಕೈಗೊಂದು ಕುಪ್ಪಸದ ಕಣ ಇಟ್ಟು ಹೋಗುತ್ತಿದ್ದ.

ಅವಳು ಜಗಳೂರು ಕಡೆಯ ಹೆಣ್ಣು. ನ್ಯಾಮತಿ ಪಕ್ಕದ ಈ ಊರಿಗೆ ಸೊಸೆಯಾಗಿ ಬಂದಾಗ ಹದಿನೈದು ವರ್ಷ. ಆ ಕಡೆ ನೀರು ಕಮ್ಮಿ, ಅದಕ್ಕೇ ನಾಲಿಗೆ ಇಷ್ಟು ಖಾರ ಎಂದು ಅತ್ತೆ ಹೇಳುತ್ತಿದ್ದಳಂತೆ. ಗಂಡ ಹಾವು ಕಚ್ಚಿ ಸತ್ತ ಮೇಲೆ ಅದೇ ಅತ್ತೆ ಸೊಸೆಯನ್ನು ಜೊತೆಗೆ ಕರೆದುಕೊಂಡು ಹೋಗಿ ಸೂಲಗಿತ್ತಿ ಕೆಲಸ ಕಲಿಸಿದಳು. ನಲವತ್ತು ತುಂಬುವ ಹೊತ್ತಿಗೆ ಊರಿನ ಅರ್ಧ ಮಕ್ಕಳನ್ನು ಮೊದಲು ತಲೆಕೆಳಗಾಗಿ ಹಿಡಿದವಳು ಗಾದ್ರಮ್ಮನೇ. ಮುಂದೆ ಆ ಮಕ್ಕಳು ಮೀಸೆ ಬಂದು ಎದೆಯುಬ್ಬಿಸಿ ನಡೆದರೆ ಅವಳಿಗೆ ನಗು ತಡೆಯಲಾಗುತ್ತಿರಲಿಲ್ಲ.

ತುರ್ತು ಪರಿಸ್ಥಿತಿಯ ವರ್ಷ ಸರ್ಕಾರಿ ಜೀಪಿನವರು ಅವಳನ್ನು ಸವಳಂಗದ ಸಂತೆಗೆ ಕರೆದೊಯ್ದು, ಮೈಕ್ ಕೊಟ್ಟು, ಮಕ್ಕಳು ಸಾಕು, ಆಪರೇಷನ್ ಮಾಡಿಸಿಕೊಳ್ಳಿ ಎಂದು ಹಾಡಿಸಿದ್ದರು. ಆಗ ಅವಳು ಅಂದ ಮಾತುಗಳನ್ನು ಕೇಳಿ ಯಾರೂ ಮುಖ ಮುಚ್ಚಿಕೊಳ್ಳಲಿಲ್ಲ. ಸರ್ಕಾರವೇ ಹೇಳಿಸುತ್ತಿದೆ ಎಂದ ಮೇಲೆ ಅದು ಹೊಲಸು ಹೇಗಾದೀತು. ಆಮೇಲೆ ಎಪ್ಪತ್ತೆಂಟರಲ್ಲಿ ಹೊನ್ನಾಳಿಯಲ್ಲಿ ಸೂಲಗಿತ್ತಿಯರಿಗೆಂದು ತರಬೇತಿ ಕೊಟ್ಟರು. ಡಾಕ್ಟರಮ್ಮ ಬೋರ್ಡಿನ ಮೇಲೆ ಗಂಡಿನದು, ಹೆಣ್ಣಿನದು ಬರೆದು ತೋರಿಸಿದಾಗ ಉಳಿದವರೆಲ್ಲ ಸೆರಗಿನೊಳಗೆ ಹೊಕ್ಕರು. ಗಾದ್ರಮ್ಮ ಮಾತ್ರ ಕೈ ಎತ್ತಿ, ಮಕ್ಕಳಾಗದಿದ್ದರೆ ಗಂಡಸಿನದೂ ತಪ್ಪಿರಬಹುದೇ ಎಂದು ಕೇಳಿದಳು. ಇರಬಹುದು, ಎಷ್ಟೋ ಮನೆಯಲ್ಲಿ ಇರುತ್ತದೆ ಎಂದರು ಡಾಕ್ಟರಮ್ಮ. ಕೊನೆಯ ದಿನ ಎಲ್ಲರಿಗೂ ಒಂದೊಂದು ಅಲ್ಯೂಮಿನಿಯಂ ಡಬ್ಬಿ ಸಿಕ್ಕಿತು. ಒಳಗೆ ಕತ್ತರಿ, ದಾರ, ಸೋಪು. ಮುಚ್ಚಳದ ಮೇಲೆ ಬಣ್ಣದಲ್ಲಿ ಅವಳ ಹೆಸರು. ಮನೆ ಗಂಡನ ಹೆಸರಲ್ಲಿತ್ತು, ರೇಷನ್ ಕಾರ್ಡು ಮೈದುನನ ಹೆಸರಲ್ಲಿತ್ತು. ತನ್ನ ಹೆಸರು ಬರೆದ ವಸ್ತು ಅವಳಿಗೆ ಜೀವಮಾನದಲ್ಲಿ ಅದೊಂದೇ. ಬಸ್ಸಿನಲ್ಲಿ ಊರು ತಲುಪುವವರೆಗೂ ಅದನ್ನು ತೊಡೆಯ ಮೇಲಿಂದ ಇಳಿಸಲಿಲ್ಲ.

ಎಂಬತ್ತೆರಡರ ಕಾಮನ ಹಬ್ಬಕ್ಕೆ ಇನ್ನೊಂದು ವಾರವಿತ್ತು. ರೇವಣ್ಣನ ಹಿಟ್ಟಿನ ಗಿರಣಿಯಲ್ಲಿ ಹೆಂಗಸರು ಸರದಿಗೆ ಕೂತಿದ್ದರು. ಬೆನಕಪ್ಪ ಗೌಡರ ಹೆಂಡತಿ ಅನ್ನಪೂರ್ಣಮ್ಮ ಚನ್ನಗಿರಿ ಕಡೆ ಒಂದು ಹೆಣ್ಣು ನೋಡಿ ಬಂದ ಸುದ್ದಿ ಹೇಳುತ್ತಿದ್ದಳು. ಮಗ ಮುರುಗೇಶಪ್ಪನಿಗೆ ಎರಡನೆಯ ಮದುವೆ. ಮೊದಲ ಸೊಸೆ ರುದ್ರಾಣಿ ಬಂದು ನಾಲ್ಕು ವರ್ಷವಾಗಿತ್ತು, ಮಡಿಲು ತುಂಬಿರಲಿಲ್ಲ. ಹರಕೆ ಹೊತ್ತದ್ದಾಯಿತು, ನಾರುಬೇರು ಅರೆದು ಕುಡಿಸಿದ್ದಾಯಿತು. ಹೊಸಬಳು ಬಂದರೆ ಇವಳನ್ನು ತವರಿಗೆ ಕಳಿಸುವುದು ಎಂದು ಅತ್ತೆ ಹೇಳುವಾಗ ರುದ್ರಾಣಿ ಅಲ್ಲೇ ಪಕ್ಕದಲ್ಲಿ ಹಿಟ್ಟಿನ ಪುಟ್ಟಿ ಹಿಡಿದು ನಿಂತಿದ್ದಳು.

ಗಾದ್ರಮ್ಮನಿಗೆ ಮೈ ಉರಿಯಿತು. ಇಂಜಿನ್ ಸದ್ದಿನಲ್ಲಿ ಕೇಳಿಸಲಿ ಎಂದು ಗಂಟಲು ಹರಿಯುವಂತೆ ಕೂಗಿಯೇ ಹೇಳಿದಳು, "ಅಮ್ಮಾರೆ, ಸೊಸೆ ಹೊಟ್ಟೆ ನಾಲ್ಕು ವರ್ಷ ನೋಡಿದ್ರಿ. ಮಗನ ಪಂಚೆ ಒಳಗೆ ಸರಿ ಐತಾ ಇಲ್ಲಾ ಅಂತ ಯಾರಾದ್ರೂ ನೋಡಿದ್ರಾ? ಶಿವಮೊಗ್ಗದಾಗೆ ಗಂಡಸಿನ ಧಾತು ಶೀಸೇಲಿ ಹಿಡಿದು ನೋಡ್ತಾರೆ, ಕಳಿಸ್ರಿ."

ಅವಳು ಬಾಯಿ ತೆರೆಯುವುದಕ್ಕೂ ರೇವಣ್ಣ ಇಂಜಿನ್ ನಿಲ್ಲಿಸುವುದಕ್ಕೂ ಸರಿಹೋಯಿತು. ಮಾತು ಗಿರಣಿ ದಾಟಿ, ರಸ್ತೆ ದಾಟಿ, ಅರಳಿಕಟ್ಟೆಯ ಮೇಲೆ ಎಲೆಅಡಿಕೆ ಹಾಕುತ್ತಿದ್ದ ಬೆನಕಪ್ಪ ಗೌಡರ ಕಿವಿಗೆ ಬಿತ್ತು. ಪಕ್ಕದಲ್ಲೇ ಮುರುಗೇಶಪ್ಪನೂ ಕೂತಿದ್ದ.

ಎರಡು ದಿನದಲ್ಲಿ ಅರ್ಜಿ ತಯಾರಾಯಿತು. ಬರೆದವನು ರೇವಣ್ಣ. ಸದರಿ ಗಾದ್ರಮ್ಮ ಎಂಬಾಕೆ ಸಾರ್ವಜನಿಕವಾಗಿ ಅಶ್ಲೀಲ ಮಾತನಾಡಿ ಊರಿನ ಹೆಣ್ಣುಮಕ್ಕಳನ್ನು ಕೆಡಿಸುತ್ತಿರುವ ಕಾರಣ ಆಕೆಯ ಡಬ್ಬಿ ವಾಪಸ್ ಪಡೆಯಬೇಕು ಎಂದು ಆರೋಗ್ಯ ಇಲಾಖೆಗೆ ಕೋರಿಕೆ. ಸಹಿ ಹಾಕಿಸಿದ್ದು ಕಾಮಣ್ಣನಿಗೆ ಒಟ್ಟಿದ್ದ ಸೌದೆಯ ಪಕ್ಕದಲ್ಲಿ. ಆ ವಾರವೆಲ್ಲ ಊರಿನ ಗಂಡಸರು ಸಂಜೆಯಾದರೆ ತಮಟೆ ಬಡಿಯುತ್ತ, ಒಬ್ಬೊಬ್ಬರ ಅಕ್ಕತಂಗಿಯರ ಅಂಗಾಂಗ ಎತ್ತಿ ಕೂಗುತ್ತ, ಬಾಯಿ ಬಡಿದುಕೊಳ್ಳುತ್ತ ಕುಣಿಯುತ್ತಿದ್ದರು. ಅದು ಹಬ್ಬ, ವರ್ಷಕ್ಕೊಮ್ಮೆ ಬರುವಂಥದ್ದು. ಕೂಗಿ ದಣಿದವರು ಹತ್ತಿರ ಬಂದು ಬೆವರು ಒರೆಸಿಕೊಂಡು, ಗಾದ್ರಮ್ಮನ ಹೊಲಸು ಬಾಯಿಯ ವಿರುದ್ಧ ಸಹಿ ಹಾಕಿ, ಮತ್ತೆ ಕೂಗಲು ಹೋದರು. ಒಟ್ಟು ನಲವತ್ತೊಂದು ಸಹಿ, ಅದರಲ್ಲಿ ಹದಿನಾರು ಹೆಬ್ಬೆಟ್ಟು.

ವಿಚಾರಣೆಗೆ ಡಾಕ್ಟರು ಬರುತ್ತಾರೆಂದು ಗೊತ್ತಾದ ಮೇಲೆ ಗೌಡರು ಹೇಳಿಕಳಿಸಿದರು. ಕಟ್ಟೆಗೆ ಬಂದು, ನಾನಾಡಿದ್ದು ಸುಳ್ಳು, ತಪ್ಪಾಯಿತು ಎಂದರೆ ಅರ್ಜಿ ಹರಿದುಹಾಕುತ್ತೇವೆ. ಗಾದ್ರಮ್ಮ ಡಬ್ಬಿಯನ್ನು ಮುಂದಿಟ್ಟುಕೊಂಡು ಯೋಚಿಸಿದಳು. ತಪ್ಪಾಯಿತು ಎನ್ನುವುದು ಎಷ್ಟು ಹೊತ್ತಿನ ಕೆಲಸ. ಆದರೆ ಸುಳ್ಳು ಎಂದು ತಾನೇ ಒಪ್ಪಿದ ಮರುದಿನ ರುದ್ರಾಣಿಯ ಟ್ರಂಕು ಬಸ್ಸಿನ ಮೇಲೇರುತ್ತದೆ.

ಹಿತ್ತಲ ಬಾಗಿಲಿನಿಂದ ರುದ್ರಾಣಿಯೇ ಬಂದಳು. "ಗಾದ್ರಕ್ಕ, ತಪ್ಪಾತು ಅಂದ್ಬಿಡು. ನನ್ನ ದೆಸೆಯಿಂದ ನಿನ್ನ ಡಬ್ಬಿ ಹೋಗದು ಬ್ಯಾಡ."

"ನಾನು ಸುಳ್ಳಂದ್ರೆ ನೀನು ಬಂಜೆ ಆಗ್ತೀಯ ತಾಯಿ. ಶಿವಮೊಗ್ಗದೋರು ನೋಡಿ ಹೇಳಲಿ, ಆಮೇಲೆ ನೋಡಾನ. ಈಗ ಮನೆಗೆ ನಡಿ."

ಹಾಗೆಂದು ಕಳಿಸಿ, ಬಾಗಿಲು ಹಾಕಿ, ಡಬ್ಬಿಯನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡಳು. ಡಬ್ಬಿ ಹೋದೀತೆಂದು ಅವಳಿಗೆ ನಿಜವಾಗಿ ಭಯವಾಗಿತ್ತು.

ಕಾಮನನ್ನು ಸುಟ್ಟ ಮರುದಿನವೇ ಡಾಕ್ಟರು ಬಂದರು, ಹೊಸದಾಗಿ ಬಂದ ತೆಳ್ಳನೆಯ ಹುಡುಗ. ಶಾಲೆಯ ಜಗಲಿಯಲ್ಲಿ ಮೇಜು ಹಾಕಿದರು. ಗಂಡಸರೆಲ್ಲ ಒಂದು ಕಡೆ, ಹೆಂಗಸರು ಕಂಬದ ಆಚೆ. ಆಕೆ ಅಂದದ್ದೇನು, ಪದ ಪದವಾಗಿ ಹೇಳಿ, ಬರೆದುಕೊಳ್ಳಬೇಕು ಎಂದರು ಡಾಕ್ಟರು.

ರೇವಣ್ಣ ಎದ್ದ. ಹಬ್ಬದಲ್ಲಿ ಕೂಗಿ ಕೂಗಿ ಅವನ ಗಂಟಲು ಕಟ್ಟಿಹೋಗಿತ್ತು. "ಹೇಳಬಾರದ ಮಾತು ಸಾರ್," ಎಂದು ಗೊಗ್ಗರು ದನಿಯಲ್ಲಿ ಹೇಳಿ ಕೂತ. ಇನ್ನೊಬ್ಬ ಎದ್ದ, ಅವನ ದನಿಯೂ ಕಟ್ಟಿತ್ತು. "ಹೆಣ್ಣಮಕ್ಳು ಅದಾರೆ ಸಾರ್, ಹೆಂಗೆ ಹೇಳಾಕೆ ಆಗ್ತದೆ?" ಬೆನಕಪ್ಪ ಗೌಡರು ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡರು, ಅಷ್ಟೆ. ಅರ್ಧ ಗಂಟೆಯಾದರೂ ಡಾಕ್ಟರ ಹಾಳೆ ಖಾಲಿಯೇ ಇತ್ತು. ಕೊನೆಗೆ ಅವರು ಗಾದ್ರಮ್ಮನ ಕಡೆ ತಿರುಗಿ, ನೀವೇ ಹೇಳಿಬಿಡಿ ಎಂದರು.

"ಹೇಳಿದ್ರೆ ಇವರಿಗೆ ಸೇರಲ್ಲ ಸಾರ್. ಹಾಡಲಾ?"

ಡಾಕ್ಟರು ಹೂಂ ಎಂದರು. ಗಾದ್ರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೀಗರ ಪಂಕ್ತಿಯ ಮುಂದೆ ನಿಲ್ಲುವ ಹಾಗೆ ಗೌಡರ ಮುಂದೆ ನಿಂತಳು.

"ಸೊಸೆಯ ಹೊಟ್ಟೆ ನೋಡೀರಿ, ಸೊಸೆಯ ಜಾತಕ ನೋಡೀರಿ,
ಮಗನ ಪಂಚೆ ಒಳಗೇನೈತಂತ ಯಾರು ನೋಡೀರಿ?"

ಕಂಬದ ಆಚೆಯಿಂದ ಹೆಂಗಸರು ಸೋಬಾನೆ ಎಂದು ಎತ್ತಿಕೊಂಡರು. ಬೇಕೆಂದು ಮಾಡಿದ್ದಲ್ಲ. ಗಾದ್ರಮ್ಮ ಸಾಲು ಮುಗಿಸಿದರೆ ಬಾಯಿ ತಾನಾಗಿ ಸೊಲ್ಲು ಹಿಡಿಯುತ್ತಿತ್ತು, ಎಷ್ಟೋ ಮದುವೆಗಳ ರೂಢಿ. ಅನ್ನಪೂರ್ಣಮ್ಮನ ದನಿಯೇ ಎಲ್ಲರಿಗಿಂತ ಮೇಲಿತ್ತು.

"ನಾರುಬೇರು ಅರೆದೀರಿ, ಸೊಸೆಗೆ ಕುಡಿಸೀರಿ,
ಶೀಸೆ ಕೊಟ್ಟು ಮಗನ್ನೊಮ್ಮೆ ಶಿವಮೊಗ್ಗಕ್ಕೆ ಕಳಿಸಿರಿ!"

ಮೊದಲು ನಕ್ಕವನು ರೇವಣ್ಣ. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ಕಟ್ಟಿದ ಗಂಟಲುಗಳು ಕೆಮ್ಮಿದವು, ಕಣ್ಣಲ್ಲಿ ನೀರು ಬಂತು. ಬೆನಕಪ್ಪ ಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕು, ರೂಢಿಯಂತೆ ಜೇಬಿಗೆ ಕೈ ಹಾಕಿ, ಆಮೇಲೆ ತಾವು ಎಲ್ಲಿ ಕೂತಿದ್ದೇವೆಂದು ನೆನಪಾಗಿ ಕೈ ಹೊರಗೆ ತೆಗೆದರು.

"ಆಕೆ ಗಿರಣಿಯಲ್ಲಿ ಅಂದದ್ದು ಇದೇ ಮಾತಾ?" ಎಂದರು ಡಾಕ್ಟರು.

"ಇದೇ ಸಾರ್," ಎಂದ ರೇವಣ್ಣ, ಕಣ್ಣೊರೆಸಿಕೊಳ್ಳುತ್ತ.

"ಮತ್ತೆ ನಕ್ಕಿರಲ್ಲ?"

"ಇದು ಹಾಡು ಸಾರ್."

"ಬಾಯೂ ಅದೇ, ಮಾತೂ ಅದೇ," ಎಂದಳು ಗಾದ್ರಮ್ಮ. "ಹಾಡಿದ್ರೆ ಕುಪ್ಪಸದ ಕಣ ಕೊಡ್ತೀರಿ, ಹೇಳಿದ್ರೆ ಅರ್ಜಿ ಬರೀತೀರಿ. ನಿಮ್ಮ ಮನೆ ಹೆಣ್ಣಿನ ಬಾಳು ಉಳಿಸೋ ಮಾತು ನಿಮಗೆ ಹೊಲಸು ಅನ್ನಿಸ್ತಲ್ಲ ಗೌಡ್ರೆ, ಅದಕ್ಕೇ ನಂಗೆ ಸಂಕಟ."

ಅರ್ಜಿದಾರರು ಸದರಿ ಮಾತನ್ನು ಕೇಳಿ ಸಂತೋಷದಿಂದ ನಕ್ಕಿರುತ್ತಾರೆ, ಆಕ್ಷೇಪಣೆ ಕಂಡುಬಂದಿರುವುದಿಲ್ಲ ಎಂದು ಬರೆದು ಡಾಕ್ಟರು ಸಹಿ ಹಾಕಿದರು. ಅದು ನಲವತ್ತೆರಡನೆಯ ಸಹಿ. ಡಬ್ಬಿ ಉಳಿಯಿತು.

ಆ ಹಾಡು ಮಾತ್ರ ಜಗಲಿಯಲ್ಲಿ ಉಳಿಯಲಿಲ್ಲ. ನೀರಿಗೆ ಹೋಗುವವರು, ಕಳೆ ಕೀಳುವವರು, ಎಲ್ಲರ ಬಾಯಲ್ಲೂ ಅದೇ. ಹತ್ತು ದಿನ ಮುರುಗೇಶಪ್ಪ ತಲೆ ತಗ್ಗಿಸಿಕೊಂಡು ಓಡಾಡಿದ. ಹನ್ನೊಂದನೆಯ ದಿನ ಬೆಳಿಗ್ಗೆ ಗಾದ್ರಮ್ಮನ ಬಾಗಿಲಿಗೆ ಬಂದು ನಿಂತ.

"ಶಿವಮೊಗ್ಗಕ್ಕೆ ನೀನೂ ಬಾ ಗಾದ್ರಕ್ಕ. ಅಲ್ಲಿ ಚೀಟಿ ಮಾಡಿಸುವಾಗ ಏನಂತ ಹೇಳಬೇಕೋ ನಂಗೆ ಬಾಯಿ ಬರಲ್ಲ."

ಮೂವರೂ ಹೋದರು, ಗಂಡ, ಹೆಂಡತಿ, ಗಾದ್ರಮ್ಮ. ಆಸ್ಪತ್ರೆಯ ಕಿಟಕಿಯಲ್ಲಿ ಹೇಳಬೇಕಾದ್ದನ್ನು ಅವಳೇ ಹೇಳಿದಳು. ಮುಂದಿನ ವಾರ ಇನ್ನೊಮ್ಮೆ ಹೋಗಿ ಬಂದರು. ಅದಾದ ಮೇಲೆ ಚನ್ನಗಿರಿಯ ಹೆಣ್ಣಿನ ಮಾತು ಆ ಮನೆಯಲ್ಲಿ ಏಳಲಿಲ್ಲ, ರುದ್ರಾಣಿಗೆ ಯಾರೂ ನಾರುಬೇರು ಅರೆಯಲೂ ಇಲ್ಲ. ಅವಳ ಟ್ರಂಕು ಅಟ್ಟದ ಮೇಲೇ ಉಳಿಯಿತು.

ಆಸ್ಪತ್ರೆಯವರು ಏನು ಹೇಳಿದರು ಎಂಬುದು ಊರಿಗೆ ತಿಳಿಯಲಿಲ್ಲ. ತಿಳಿಯದೆ ಊರಿಗೆ ಅನ್ನ ಸೇರಲಿಲ್ಲ. ಒಂದು ದಿನ ರೇವಣ್ಣ ಗಿರಣಿಯ ಇಂಜಿನ್ ನಿಲ್ಲಿಸಿ, ಗಾದ್ರಮ್ಮನ ಪುಟ್ಟಿಗೆ ಹಿಟ್ಟು ತಾನೇ ತುಂಬಿ, ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ. ಸಹಿ ಹಾಕಿದ ಇನ್ನೂ ನಾಲ್ವರು ಬಾಗಿಲ ಬಳಿ ಕಿವಿ ನಿಮಿರಿಸಿಕೊಂಡು ನಿಂತರು.

"ನಮ್ಮ ಮುಂದೆ ಹೇಳಿದ್ರೆ ಏನಾಗ್ತದೆ ಗಾದ್ರಕ್ಕ," ಎಂದು ರೇವಣ್ಣ ಪಿಸುಗುಟ್ಟಿದ. "ಯಾರದಂತೆ ದೋಷ?"

ಗಾದ್ರಮ್ಮ ಪುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡಳು, ಸೆರಗನ್ನು ನೊಸಲಿನವರೆಗೂ ಎಳೆದುಕೊಂಡಳು, ನೆಲ ನೋಡುತ್ತ ಹೇಳಿದಳು.

"ಶಿವ ಶಿವಾ, ಅದೆಲ್ಲ ಅಶ್ಲೀಲ ಕಣಪ್ಪಾ. ನಾವು ಹೆಣ್ಣಮಕ್ಳು ಆಡಬಾರದು."